ಮೊದಲು ಕಲ್ಲು, ಆಮೇಲೆ ಚಾಕು

ಚಾಕು ಕೊಳ್ಳಲು ಹೋದವರು ಹೆಬ್ಬೆರಳಿನಲ್ಲಿ ಬಾಯಿ ಸವರಿ ನೋಡುತ್ತಾರೆ. ಅಂಗಡಿಯಲ್ಲಿ ಎಲ್ಲ ಚಾಕುವೂ ಹರಿತವೇ. ಆರು ತಿಂಗಳಲ್ಲಿ ಮೊಂಡಾದಾಗ ಇದನ್ನು ನಾನೇ ಮಸೆಯಬಲ್ಲೆನೇ ಎಂದು ಕೇಳಿಕೊಳ್ಳುವವರು ಕಡಿಮೆ. ಅದಕ್ಕೇ ನಾನು ಮೊದಲು ಕಲ್ಲು ಕೊಳ್ಳಿ ಎನ್ನುತ್ತೇನೆ. ಒಂದು ಕಡೆ 400, ಇನ್ನೊಂದು ಕಡೆ 1000 ಗ್ರಿಟ್ (ಕಲ್ಲಿನ ನಯದ ಅಂಕೆ, ಹೆಚ್ಚಾದಷ್ಟೂ ನಯ) ಇರುವ, ನೀರು ಹಾಕಿ ಮಸೆಯುವ ಕಲ್ಲಾದರೆ ಮನೆಬಳಕೆಗೆ ಧಾರಾಳ.

ಆರಿಸುವಾಗ

ಮಲೆನಾಡಿನ ಕುಲುಮೆಗಳಲ್ಲಿ ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟು ಕತ್ತಿಯಾಗುವುದುಂಟು. ಇಂಗಾಲದ ಈ ಉಕ್ಕು ಪೆಟ್ಟು ತಾಳುತ್ತದೆ, ಕಲ್ಲಿಗೆ ಬೇಗ ಬಗ್ಗುತ್ತದೆ. ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಮಾತ್ರ ಬೆಳಗಾಗುವುದರೊಳಗೆ ತುಕ್ಕು. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುವುದರಿಂದ ಅಷ್ಟು ಸುಲಭಕ್ಕೆ ತುಕ್ಕು ಹತ್ತದು. ಪೊಟ್ಟಣದ ಮೇಲೆ 'ಎಚ್‌ಆರ್‌ಸಿ' ಎಂದು ಬರೆದಿದ್ದರೆ ಅದು ಗಡಸುತನದ ಅಳತೆ. ಜರ್ಮನ್ ಮಾದರಿಯ ಚಾಕುಗಳು ಸಾಮಾನ್ಯವಾಗಿ 56ರಿಂದ 58, ಜಪಾನಿನ ಹಲವು ಚಾಕುಗಳು 60 ಮೀರುತ್ತವೆ. ಹೆಚ್ಚು ಗಡಸಾದಷ್ಟೂ ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಕರಟಕ್ಕೆ ತಾಗಿದರೆ ಬಾಯಿಯಿಂದ ಚಕ್ಕೆ ಏಳುತ್ತದೆ. ಸಿಹಿಗುಂಬಳ, ಸುವರ್ಣಗೆಡ್ಡೆ ಹೆಚ್ಚುವ ನಮ್ಮ ಅಡುಗೆಮನೆಗೆ 56-58 ಸಾಕು.

ಆರು ಚಾಕುಗಳ ಸೆಟ್ಟು ಬೇಡ. 18-20 ಸೆಂ.ಮೀ. ಅಲಗಿನದು ಒಂದು, ಅಂಗೈಯಲ್ಲಿ ಆಡುವ ಸಣ್ಣದೊಂದು. ಮನೆಯಲ್ಲಿ ಮೆಟ್ಟುಗತ್ತಿಯೋ ಈಳಿಗೆ ಮಣೆಯೋ ಇದ್ದರೆ ಅಟ್ಟಕ್ಕೆ ಹಾಕಬೇಡಿ; ಹಲಸಿನ ಮುಂದೆ ಯಾವ ವಿದೇಶಿ ಚಾಕುವೂ ಅದಕ್ಕೆ ಸಮವಲ್ಲ.

ಮಸೆಯುವುದು

ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರದು. ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು ತುಸು ಎತ್ತಿ. ಅಲಗು 4 ಸೆಂ.ಮೀ. ಅಗಲವಿದ್ದರೆ ಬೆನ್ನು 1 ಸೆಂ.ಮೀ. ಮೇಲೆದ್ದರೆ ಸುಮಾರು 15 ಡಿಗ್ರಿ ಕೋನ ಸಿಗುತ್ತದೆ. ನಾಲ್ಕು ಸಲ ಉಜ್ಜಿ ನೋಡಿ. ಶಾಯಿ ಬಾಯಿಯ ತುದಿಯಲ್ಲಿ ಹಾಗೇ ಉಳಿದಿದ್ದರೆ ಬೆನ್ನು ಇನ್ನಷ್ಟು ಎತ್ತಬೇಕು, ತುದಿಯಲ್ಲಿ ಮಾತ್ರ ಅಳಿಸಿದ್ದರೆ ಇಳಿಸಬೇಕು.

ಒಂದೇ ಮಗ್ಗುಲನ್ನು ಉಜ್ಜುತ್ತ ಹೋದರೆ ಎದುರು ಮಗ್ಗುಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಏಳುತ್ತದೆ. ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಸರಿಸಿದರೆ ಜುಂ ಎಂದು ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಸರಿಸಬೇಡಿ. ಈ ಎಳೆ ಹಿಡಿಯಿಂದ ತುದಿಯವರೆಗೆ ಸಿಗುವ ತನಕ ಮಗ್ಗುಲು ಬದಲಿಸಬಾರದು. ಹೆಚ್ಚಿನವರು ಎಡವುವುದು ಇಲ್ಲೇ: ಎರಡು ಉಜ್ಜು ಈಚೆ, ಎರಡು ಆಚೆ, 'ಕಲ್ಲೇ ಸರಿಯಿಲ್ಲ' ಎಂಬ ತೀರ್ಪು. ಎರಡೂ ಮಗ್ಗುಲು ಮುಗಿದ ಮೇಲೆ 1000ದ ಕಡೆ ತಿರುಗಿಸಿ, ಕೈ ಹಗುರ ಮಾಡುತ್ತ ಆ ಎಳೆ ಉದುರಿಸಿ. ಕೊನೆಗೆ ಹಳೆ ಬೆಲ್ಟಿನ ಒಳಮೈ ಮೇಲೆ ಹತ್ತು ಸಲ ಹಿಂದಕ್ಕೆಳೆದರೆ ಆಯಿತು. ಹಣ್ಣು ಟೊಮೆಟೊದ ಸಿಪ್ಪೆ ಅದುಮದೆ ಕೊಯ್ದರೆ ಗೆದ್ದಿರಿ.

ಕಲ್ಲಿಲ್ಲದ ಮನೆಯಲ್ಲಿ ಪಿಂಗಾಣಿ ಬಟ್ಟಲು ಮಗುಚಿ ಅದರ ತಳದ ಒರಟು ಬಳೆಗೆ ಉಜ್ಜಿ; ಮದುವೆ ಮನೆಯಲ್ಲಿ ಮಾನ ಉಳಿಸುವಷ್ಟು ಕೆಲಸ ಕೊಡುತ್ತದೆ. ನಮ್ಮಜ್ಜನದು ಇನ್ನೊಂದೇ ಬಗೆ. ಹಿತ್ತಿಲ ಕಟ್ಟೆಗೆ ಒರಗಿಸಿದ ಮರದ ಹಲಗೆ, ಕರಟದಲ್ಲಿ ಬೆಣಚುಕಲ್ಲಿನ ಪುಡಿ. ಚಿಟಿಕೆ ಉದುರಿಸಿ ಕತ್ತಿ ಎಳೆದರೆ ಚರ್ ಚರ್ ಸದ್ದು ಜಗಲಿಗೆ ಕೇಳುತ್ತಿತ್ತು. ಸದ್ದು ಸಣ್ಣಗಾದರೆ ಕತ್ತಿ ಆಯಿತೆಂದು ಅರ್ಥ.

ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಡುವುದಾದರೆ ಎದುರಿಗೇ ನಿಲ್ಲಿ. ನಾನೊಮ್ಮೆ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಚಾಕುವಿನ ತುದಿ ನೀಲಿಯಾಗಿತ್ತು. ಉಕ್ಕು ನೀಲಿಗಟ್ಟುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ; ಅಷ್ಟೊತ್ತಿಗೆ ಹದ ಹೋಗಿರುತ್ತದೆ. ಆ ತುದಿ ಆಮೇಲೆ ಎಷ್ಟು ಮಸೆದರೂ ವಾರ ನಿಲ್ಲಲಿಲ್ಲ. ಆಗಾಗ ನೀರಿಗದ್ದಿ ಎಂದು ಹೇಳಲು ಸಂಕೋಚ ಬೇಡ.

ಹೊರಗೆ ಒಯ್ಯುವುದಾದರೆ

ತೋಟಕ್ಕೆ ಸೊಂಟದ ಕೊಕ್ಕೆಗೆ ಸಿಗಿಸುವ ಕತ್ತಿ. ತಿರುಗಾಟಕ್ಕೆ ಹಗ್ಗ, ಹಣ್ಣು ಕೊಯ್ಯಲು 7-8 ಸೆಂ.ಮೀ. ಅಲಗಿನ ಮಡಚುವ ಚಾಕು ಸಾಕು. ತೆರೆದಾಗ ಲಾಕ್ ಆಗುವುದನ್ನೇ ಕೊಳ್ಳಿ. ಲಾಕ್ ಇಲ್ಲದ್ದು ಒತ್ತಡಕ್ಕೆ ಮಡಚಿ ಬೆರಳಿಗೇ ಬರುತ್ತದೆ. ಕಟ್ಟಿಗೆ ಸೀಳುವ ಕೆಲಸವಿದ್ದರೆ ಮಡಚದ, 3 ಮಿ.ಮೀ. ಅಥವಾ ಇನ್ನೂ ದಪ್ಪ ಬೆನ್ನಿನ, ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರುವ ಚಾಕು ಬೇಕು.

ಕಾನೂನೂ ಗೊತ್ತಿರಲಿ. ಅಭಯಾರಣ್ಯಕ್ಕೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ, ಅದರ ವ್ಯಾಖ್ಯೆಯಲ್ಲಿ ಚಾಕುವೂ ಆಯುಧವೇ. ಕುಮಾರ ಪರ್ವತ ಪುಷ್ಪಗಿರಿ ಅಭಯಾರಣ್ಯದಲ್ಲಿದೆ, ಕುದುರೆಮುಖವಂತೂ ರಾಷ್ಟ್ರೀಯ ಉದ್ಯಾನ. ಆ ಚಾರಣಗಳಿಗೆ ಹಣ್ಣನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ತುಂಬಿ. ವಿಮಾನದಲ್ಲಿ ಚಾಕು ಕೈಚೀಲದಲ್ಲಿ ಬೇಡ.

ನಿತ್ಯದ ಜೋಪಾನ

ಸಿಂಕಿನಲ್ಲಿ ಪಾತ್ರೆಗಳ ನಡುವೆ ಬಿಡಬೇಡಿ. ಬಳಸಿದ ಕೂಡಲೇ ತೊಳೆದು ಒರೆಸಿ. ಗಾಜಿನ, ಗ್ರಾನೈಟಿನ ಮೇಲೆ ಹೆಚ್ಚಬೇಡಿ, ಮರದ ಹಲಗೆ ಇರಲಿ. ಹೆಚ್ಚಿದ್ದನ್ನು ಬಾಣಲೆಗೆ ತಳ್ಳುವಾಗ ಚಾಕು ತಿರುಗಿಸಿ ಬೆನ್ನಿನಿಂದ ತಳ್ಳಿ. ಹಲಸು, ಬಾಳೆಕಾಯಿ ಕೊಯ್ಯುವ ಮುಂಚೆ ಕೊಬ್ಬರಿ ಎಣ್ಣೆ ಸವರಿದರೆ ಮೇಣ ಅಂಟದು. ಕುಲುಮೆಯ ಕತ್ತಿ ಮಾವಿನಕಾಯಿ ಹುಳಿಗೆ ಕಪ್ಪಾದರೆ ಗಾಬರಿ ಬೇಡ. ಕಪ್ಪು ಇರಲಿ, ಕೆಂಪು ತುಕ್ಕು ಕಂಡರೆ ಮಾತ್ರ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಒಣಗಿಸಿ.

ತೋಟದ ಕತ್ತಿಯನ್ನು ಮಳೆಗಾಲಕ್ಕೆ ಎತ್ತಿಡುವಾಗ ಚರ್ಮದ ಒರೆಯಲ್ಲಿ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸವರಿ, ಕಾಗದ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿಡಿ. ಬಾಯಿಗೆ ಒಣಗಿದ ಅಡಿಕೆ ಹಾಳೆ ಮಡಚಿ ಕಟ್ಟಿದರೆ, ಕತ್ತಲಲ್ಲಿ ತಡಕಾಡುವ ಕೈಗೂ ಕ್ಷೇಮ.