ಸೋರಿಯಾಸಿಸ್ ಇದ್ದರೆ ಕಿಡ್ನಿಯನ್ನೂ ಒಮ್ಮೆ ನೋಡಿಸಿಕೊಳ್ಳಿ

ಸೋರಿಯಾಸಿಸ್‌ಗೆ ವರ್ಷಗಟ್ಟಲೆ ಮುಲಾಮು ಹಚ್ಚುತ್ತೇವೆ, ಆದರೆ ಮೂತ್ರ ಪರೀಕ್ಷೆ ಮಾಡಿಸೋಣ ಅಂತ ಯಾರಿಗೂ ಹೊಳೆಯುವುದಿಲ್ಲ, ಅಲ್ವಾ? ಈ ಕಾಯಿಲೆಯ ಉರಿಯೂತ ಚರ್ಮಕ್ಕೇ ನಿಲ್ಲುವುದಿಲ್ಲ. ಬ್ರಿಟನ್ನಿನ ರೋಗಿಗಳ ದಾಖಲೆ ಇಟ್ಟುಕೊಂಡು ಮಾಡಿದ ದೊಡ್ಡ ಅಧ್ಯಯನವೊಂದು 2013ರಲ್ಲಿ ಬಂತು: ಬಿಪಿ, ಶುಗರ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ತೀವ್ರ ಸೋರಿಯಾಸಿಸ್ ಇರುವವರಿಗೆ ದೀರ್ಘಕಾಲದ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚುಕಮ್ಮಿ ಎರಡು ಪಟ್ಟು. ಸಣ್ಣ ಪ್ರಮಾಣದಲ್ಲಿ ಇರುವವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಗಾಬರಿ ಬೇಡ.

ಮೊದಲು ನಿಮ್ಮದು ಎಷ್ಟಿದೆ ನೋಡಿ. ಬೆರಳು ಸೇರಿಸಿ ನಿಮ್ಮ ಅಂಗೈ ಅಂದರೆ ಮೈಯ ಸುಮಾರು 1%. ಕಲೆಗಳೆಲ್ಲ ಸೇರಿ ಮೂರು ಅಂಗೈಗಿಂತ ಜಾಸ್ತಿ ಆದರೆ, ಅಥವಾ ಬಿಪಿ, ಶುಗರ್ ಕೂಡ ಇದ್ದರೆ, ಡಾಕ್ಟರ ಹತ್ತಿರ ಕಿಡ್ನಿಯ ಮಾತು ನೀವೇ ಎತ್ತಿ.

ಕೇಳಬೇಕಾದ್ದು ಎರಡು ಪರೀಕ್ಷೆ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ), ಅದರಿಂದ ಲೆಕ್ಕ ಹಾಕುವ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತೋರಿಸುವ ಇಜಿಎಫ್‌ಆರ್. ಮೂತ್ರದಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಅಂದರೆ ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಎಷ್ಟು ಸೋರುತ್ತಿದೆ ಅನ್ನುವ ಲೆಕ್ಕ, ಇದಕ್ಕೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಉರಿಮೂತ್ರ ಇರುವಾಗ ಬೇಡ. ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಅಥವಾ ಅನುಪಾತ 30ಕ್ಕಿಂತ (mg/g ಲೆಕ್ಕದಲ್ಲಿ) ಜಾಸ್ತಿ ಬಂದರೆ ಒಂದೇ ರಿಪೋರ್ಟ್ ನೋಡಿ ಕಂಗೆಡಬೇಡಿ, ಮತ್ತೆ ಮಾಡಿಸಿ, ಮೂರು ತಿಂಗಳಾದರೂ ಹಾಗೇ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಕಾಯಿಲೆ ಅನ್ನುತ್ತಾರೆ. ಕಿಡ್ನಿ ಸೋತರೂ ಬಹಳ ದಿನ ನೋವೇ ಇರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಔಷಧಿ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಸೋರಿಯಾಸಿಸ್ ಜೊತೆ ಕೀಲು ಊದಿಕೊಂಡವರು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ಸುಮ್ನೆ ಹಾಗೆ ನುಂಗಬೇಡಿ, ಅವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಪಾದರಸ, ಸೀಸ ಸೇರಿರಬಹುದಾದ, ಲೇಬಲ್ ಇಲ್ಲದ ಪುಡಿ, ಭಸ್ಮಗಳಿಂದಲೂ ದೂರ ಇರಿ. ತೀವ್ರ ಸೋರಿಯಾಸಿಸ್‌ಗೆ ಕೊಡುವ ಸೈಕ್ಲೋಸ್ಪೋರಿನ್ ಔಷಧಿ ಬರೆದುಕೊಟ್ಟಿದ್ದರೆ ಶುರುವಿನ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ ನೋಡಲೇಬೇಕು. ಹಾಗಂತ ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಸೋರಿಯಾಸಿಸ್‌ಗೆ ಕೊಡುವ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಇದನ್ನು ಮನೆಯವರಿಗೂ ಹೇಳಿಡಿ: ಸೋರಿಯಾಸಿಸ್‌ಗೆ ಅದು ವಾರಕ್ಕೊಮ್ಮೆ, ದಿನಾ ಅಲ್ಲ. ಅದು ಮೈಯಿಂದ ಹೊರಹೋಗುವುದು ಮುಖ್ಯವಾಗಿ ಕಿಡ್ನಿಯ ಮೂಲಕವೇ, ಹಾಗಾಗಿ ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಆ ವಾರದ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.