ಪಾವ್ ಸಾಗಿಸುವ ಸೈಕಲ್ಲಿಗೆ ಕಿಟ್ಟೇ ಯಾಕೆ ಹಾಕಿದೆ

ಕೋಡಿಬಾಗದಿಂದ ಪಾವ್ ತುಂಬಿಕೊಂಡು ಕಾಳಿ ಸೇತುವೆ ದಾಟಿ ಸದಾಶಿವಗಡದ ಅಂಗಡಿಗಳಿಗೆ ಹಾಕುವುದು ನನ್ನ ಬೆಳಗಿನ ಕೆಲಸ. ಸೈಕಲ್ಲನ್ನು ಎಲೆಕ್ಟ್ರಿಕ್ ಮಾಡಿಸುವ ಮಾತು ಬಂದಾಗ ಎಲ್ಲರೂ ಕೇಳಿದ್ದು ರೇಟು. ನಾನು ನೋಡಿದ್ದು ತೂಕ. ಪಾವ್ ಜಾಗ ತುಂಬಾ ತಿನ್ನುತ್ತದೆ, ಆದರೆ ಭಾರ ಇಲ್ಲ. ಬುಟ್ಟಿ ತುಂಬಿದರೂ 25 ಕಿಲೋ ಮೇಲೆ ಹೋಗುವುದಿಲ್ಲ. ಇಷ್ಟಕ್ಕೆ ಕಾರ್ಗೋ ಸೈಕಲ್, ಅಂದರೆ ಭಾರ ಹೊರಲೆಂದೇ ಕಂಪನಿ ಮಾಡಿದ ಎಲೆಕ್ಟ್ರಿಕ್ ಸೈಕಲ್ ಬೇಕಾಗಿಲ್ಲ. ಮಾಮೂಲಿ ಸೈಕಲ್ಲಿಗೆ ಜೋಡಿಸುವ ಮೋಟರ್, ಬ್ಯಾಟರಿಯ ಕಿಟ್ ಸಾಕು.

ಆದರೆ ಯಾವ ಸೈಕಲ್ಲಿಗೆ ಹಾಕುತ್ತೇವೆ ಅನ್ನೋದು ಮುಖ್ಯ. ಮನೆಯಲ್ಲಿ ಅಪ್ಪನ ಕಾಲದ ಕಪ್ಪು ಸೈಕಲ್ ಇತ್ತು, ಕಬ್ಬಿಣದ ಹಾಗೆ ಗಟ್ಟಿ. ಹಿಂದಿನ ಗಾಲಿಯ ಕಡ್ಡಿ ಎಣಿಸಿದರೆ 40. ಕಿಟ್ಟಿನ ಮೋಟರ್ ಕೂರುವುದು ಗಾಲಿಯ ನಡುವಿನ ಹಬ್‌ನಲ್ಲಿ, ಅದಕ್ಕೆ ಕಡ್ಡಿಯ ತೂತು 36 ಮಾತ್ರ, ಹೊಂದುವುದಿಲ್ಲ. ಹಿಂದಿನ ಫೋರ್ಕಿನ ಸಂದಿಯೂ ಸಣ್ಣದು, ಮೋಟರಿಗೆ 135 ಮಿ.ಮೀ. ಬೇಕು. ಅದಕ್ಕಿಂತ ದೊಡ್ಡ ತೊಂದರೆ ಬ್ರೇಕು. ಕಾರವಾರದ ಮಳೆಯಲ್ಲಿ ಸ್ಟೀಲ್ ರಿಮ್ ಒದ್ದೆಯಾದರೆ ರಾಡ್ ಬ್ರೇಕ್ ಹಿಡಿಯುವುದೇ ಇಲ್ಲ ಅಂತ ಹೇಳಬಹುದು. ಕಿಟ್ ಸೈಕಲ್ಲನ್ನು ಓಡಿಸುತ್ತದೆ, ನಿಲ್ಲಿಸುವುದಿಲ್ಲ. 2024ರ ಆಗಸ್ಟಿನಲ್ಲಿ ಹಳೇ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ಲಾರಿಗಳು ಒಂದೇ ಸೇತುವೆಗೆ ಬಂದವು. ಅಲ್ಲಿ ಬ್ರೇಕಿನ ಮೇಲೆ ನಂಬಿಕೆ ಇಲ್ಲದಿದ್ದರೆ ಹೇಗೆ? ಹಾಗಾಗಿ ಡಿಸ್ಕ್ ಬ್ರೇಕ್ ಇರುವ, 26 ಇಂಚಿನ ಸ್ಟೀಲ್ ಫ್ರೇಮಿನ ಸೈಕಲ್ ತಗೊಂಡೆ.

36 ವೋಲ್ಟಿನ ಕಿಟ್, 250 ವಾಟ್, ವೇಗ 25 ಕಿ.ಮೀ. ಒಳಗೆ. ಅದಕ್ಕಿಂತ ಮೇಲೆ ಹೋದರೆ ನೋಂದಣಿ, ಲೈಸೆನ್ಸು ಎಲ್ಲ ಬರುತ್ತದೆ. ಮೋಟರ್ ಹಿಂದಿನ ಗಾಲಿಗೇ ಹಾಕಿಸಿದೆ. ಭಾರ ಹಿಂದೆ ಇದ್ದಾಗ ಮುಂದಿನ ಗಾಲಿ ಹಗುರ, ಅಲ್ಲಿ ಮೋಟರ್ ಇದ್ದರೆ ಒದ್ದೆ ಏರಿನಲ್ಲಿ ಗಾಲಿ ಸುಮ್ನೆ ತಿರುಗುತ್ತದೆ. ಬ್ಯಾಟರಿ 10 ಆಂಪಿಯರ್ ಅವರ್, ಅಂದರೆ 360 ವಾಟ್ ಅವರ್. ಕಿಲೋಮೀಟರಿಗೆ 12 ವಾಟ್ ಅವರ್ ಹಿಡಿದರೂ 30 ಕಿ.ಮೀ. ಆಯ್ತು. ನನಗೆ ಧಾರಾಳ.

ಜೋಡಿಸುವಾಗ ಎರಡು ವಿಷಯಕ್ಕೆ ನಾನೇ ಪಕ್ಕದಲ್ಲಿ ನಿಂತಿದ್ದೆ. ಒಂದು ಟಾರ್ಕ್ ಆರ್ಮ್. ಮೋಟರ್ ಗಾಲಿಯನ್ನು ಮುಂದಕ್ಕೆ ತಳ್ಳುವಾಗ ಅದರ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಈ ಚಿಕ್ಕ ಪಟ್ಟಿ ಅದನ್ನು ಫ್ರೇಮಿಗೆ ಕಟ್ಟಿ ಹಿಡಿಯುತ್ತದೆ. ಇನ್ನೊಂದು ವೈರು. ಆಕ್ಸಲ್‌ನಿಂದ ಹೊರಬಂದ ವೈರು ಮೊದಲು ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗಬೇಕು. ಮೇಲಿನಿಂದ ಇಳಿದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಮೋಟರೊಳಗೆ ಹೋಗುವುದಿಲ್ಲ. ಕಡಲಗಾಳಿಯ ಉಪ್ಪು ಕನೆಕ್ಟರಿನ ಪಿನ್ನಿಗೆ ಹಸಿರು ಹಿಡಿಸುತ್ತದೆ, ಅದಕ್ಕೆ ಮಳೆಗಾಲಕ್ಕೆ ಮುಂಚೆ ಡೈಎಲೆಕ್ಟ್ರಿಕ್ ಗ್ರೀಸ್ (ಪಿನ್ನಿಗೆ ನೀರು ತಾಗದ ಹಾಗೆ ಕಾಯುವ ಗ್ರೀಸ್) ಹಚ್ಚುತ್ತೇನೆ.

ಬೈತಖೋಲದಿಂದ ಮೀನು ತರುವ ಗೆಳೆಯ ನನ್ನದನ್ನು ನೋಡಿ ತಾನೂ ಕಿಟ್ ಹಾಕಿಸುತ್ತೇನೆ ಅಂದ. ಬೇಡ ಅಂದೆ. ಮೀನು, ಐಸು, ನೀರು ಸೇರಿದರೆ 60 ಕಿಲೋ ಎಲ್ಲೂ ಹೋಗಲ್ಲ, ಮಾಮೂಲಿ ಕ್ಯಾರಿಯರ್ ತಾಳುವುದಿಲ್ಲ. ಅವನಿಗೆ ಕಂಪನಿಯ ಕಾರ್ಗೋ ಸೈಕಲ್ಲೇ ಸರಿ: ಚಿಕ್ಕ ಗಾಲಿ, ದಪ್ಪ ಕಡ್ಡಿ, ಭಾರ ನೆಲಕ್ಕೆ ಹತ್ತಿರ, ಎರಡು ಕಾಲಿನ ಸ್ಟ್ಯಾಂಡು. ದುಡ್ಡು ಜಾಸ್ತಿ ಬೀಳುತ್ತದೆ, ನಿಜ. ಆದರೆ ತಗೊಳ್ಳುವ ಮುಂಚೆ ಅದರ ಬ್ಯಾಟರಿ, ಮೋಟರಿಗೆ ಕರೆಂಟು ಹದವಾಗಿ ಕೊಡುವ ಕಂಟ್ರೋಲರ್ ಕೆಟ್ಟರೆ ಎಲ್ಲಿ ಸಿಗುತ್ತದೆ ಅಂತ ಕೇಳು, ಇಲ್ಲಿ ಸಿಗದಿದ್ದರೆ ರಿಪೇರಿ ಮುಗಿಯುವವರೆಗೆ ವ್ಯಾಪಾರ ನಿಲ್ಲುತ್ತದೆ ಅಂತಲೂ ಹೇಳಿದೆ. ಈಗ ಅವನು ಅದನ್ನೇ ವಿಚಾರಿಸುತ್ತಿದ್ದಾನೆ.