ಶಸ್ತ್ರಚಿಕಿತ್ಸೆಗೆ ಮುನ್ನ ಹಿರಿಯರ ಓಡಾಟವನ್ನು ಮನೆಯಲ್ಲೇ ಅಳೆದು ಹೆಚ್ಚಿಸುವ ಬಗೆ

ಆಪರೇಷನ್ನಿಗೆ ದಿನ ನಿಗದಿಯಾದೊಡನೆ ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಅಜ್ಜನನ್ನು ಜಗಲಿಯಲ್ಲಿ ಕೂರಿಸಿ, ಶಕ್ತಿ ಉಳಿಯಲೆಂದು ನೀರಿನ ಚೊಂಬನ್ನೂ ಕೈಗೇ ತಂದುಕೊಡುತ್ತಾರೆ. ಪ್ರೀತಿಯೇನೋ ನಿಜ, ಆದರೆ ಸೊರಗಿದ ದೇಹದಲ್ಲಿ ಕುಳಿತಷ್ಟೂ ಸ್ನಾಯು ಕರಗುತ್ತದೆ ಮತ್ತು ಆಪರೇಷನ್ನಿನ ನಂತರ ಹಾಸಿಗೆ ಬಿಟ್ಟೇಳುವುದು ಅಷ್ಟೇ ಕಷ್ಟವಾಗುತ್ತದೆ.

ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಮೂಳೆ ಮುರಿದವರಿಗೂ ಹೃದಯದ ಕವಾಟ ಕಿರಿದಾದವರಿಗೂ ಈ ಕ್ರಮವನ್ನು ಮನೆಯವರೇ ಆರಂಭಿಸಬಾರದು.

ಬಳಿಕ ಅಳೆಯಿರಿ. ಬಾಯಿಮಾತಿನಲ್ಲಿ ಕೇಳಿದರೆ "ತೋಟಕ್ಕೆ ಹೋಗಿ ಬರುತ್ತೇನೆ" ಎನ್ನುತ್ತಾರೆ. ಹೋಗಿ ಎಷ್ಟು ದಿನವಾಯಿತೆಂಬುದು ಮನೆಯವರಿಗಷ್ಟೇ ಗೊತ್ತು. ಕೈಯಿರುವ ಕುರ್ಚಿಯಿಂದ 3 ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆದು, ಅವರು ಎದ್ದು, ಎಂದಿನ ವೇಗದಲ್ಲಿ ಗೆರೆ ಮುಟ್ಟಿ, ತಿರುಗಿ ಬಂದು ಕೂರುವವರೆಗಿನ ಸೆಕೆಂಡುಗಳನ್ನು ಎಣಿಸಿ. ನಿತ್ಯ ಬಳಸುವ ಕೋಲು ಕೈಯಲ್ಲಿರಲಿ, ಒಬ್ಬರು ಪಕ್ಕದಲ್ಲೇ ನಡೆಯಲಿ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆಯೆಂದು ತಿಳಿಯಿರಿ. ಏಳುವಾಗ ಕೈಗಳನ್ನೂ ಗಮನಿಸಿ: ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಕುರ್ಚಿಯನ್ನು ಒತ್ತಿ ಹಿಡಿದರೆ ತೊಡೆಯ ಬಲ ಕುಗ್ಗಿದೆಯೆಂದೇ ಅರ್ಥ.

ದಿನದ ಹೆಜ್ಜೆ ಎಣಿಸಲು ಮೊಬೈಲನ್ನು ಸೊಂಟದ ಚೀಲದಲ್ಲಿಡಬಹುದು, ಆದರೆ ಕಾಲೆಳೆದು ನಿಧಾನ ನಡೆಯುವವರ ಹೆಜ್ಜೆಗಳನ್ನು ಅದು ಎಷ್ಟೋ ಸಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಥವರಿಗೆ ಜಗಲಿಯಿಂದ ಕೊಟ್ಟಿಗೆಗೆ ಎಷ್ಟು ಸುತ್ತು, ಎಷ್ಟು ನಿಮಿಷ ಎಂದು 7 ದಿನ ಪುಸ್ತಕದಲ್ಲಿ ಬರೆದಿಡುವುದೇ ಹೆಚ್ಚು ನಂಬಿಕೆಯ ಲೆಕ್ಕವೆಂದು ನನ್ನ ಅಭಿಪ್ರಾಯ.

ಆ ವಾರದ ಸರಾಸರಿಯೇ ಆರಂಭ; ಹತ್ತು ಸಾವಿರ ಹೆಜ್ಜೆಯ ಮಾತು ಇಲ್ಲಿ ಬೇಡ. ದಿನಕ್ಕೆ 5 ನಿಮಿಷದ ನಡಿಗೆ ಎರಡು ಸಲ ಸಾಧ್ಯವಾದರೆ ಮುಂದಿನ ವಾರ ಮೂರು ಸಲ ಮಾಡಿಸಿ. ನಡೆಯುತ್ತ ಮಾತನಾಡಲು ಉಸಿರು ಸಾಲುವಂತಿರಬೇಕು. ಇದರೊಡನೆ ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಎದ್ದು ಕೂರುವುದನ್ನು, ಮೊದಲು ಐದು ಸಲ, ಬೆಳಿಗ್ಗೆ ಸಂಜೆ ಮಾಡಿಸಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಇಳಿಸಲೇಬೇಡಿ, ಜಗಲಿಯ ಉದ್ದವೇ ಸಾಕು. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಹೊಟ್ಟೆಗೆ ಸಾಲದೆ ವ್ಯಾಯಾಮ ಮಾತ್ರ ಮಾಡಿಸಿದರೆ ಫಲವಿಲ್ಲ. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಬರೀ ಗಂಜಿ, ಉಪ್ಪಿನಕಾಯಿಯಿಂದ ಅದು ದೊರೆಯದು, ಮೊಸರು, ಹೆಸರುಕಾಳು, ರೂಢಿಯಿದ್ದವರಿಗೆ ಮೀನು ಮೊಟ್ಟೆ ಬಡಿಸಿ.

ಸಾಮಾನ್ಯವಾಗಿ 4ರಿಂದ 6 ವಾರ ಹೀಗೆ ಸಿದ್ಧತೆ ನಡೆಸುತ್ತಾರೆ. ಕ್ಯಾನ್ಸರಿನಂಥ ಕಾಯಿಲೆಯಲ್ಲಿ ಮಾತ್ರ ಇದಕ್ಕಾಗಿ ನೀವಾಗಿಯೇ ದಿನ ಮುಂದೂಡಬೇಡಿ. ವಾರಕ್ಕೊಮ್ಮೆ ಅದೇ ಕುರ್ಚಿ, ಅದೇ ಗೆರೆಯಲ್ಲಿ ಮತ್ತೆ ಅಳೆದು, ಆ ಪುಸ್ತಕವನ್ನು ಅರಿವಳಿಕೆ ವೈದ್ಯರ ಭೇಟಿಗೆ ಕೊಂಡೊಯ್ಯಿರಿ.